ಬ್ರೇಕ್ ಬಿಟ್ಟ ಹಾಗಾಯ್ತು: ಎಲೆಕ್ಟ್ರಿಕ್ ಕಾರಿನ ಬಗ್ಗೆ ಕೊಪ್ಪಳದಲ್ಲಿ ಆಡಿದ ಮಾತು

ಕೊಪ್ಪಳದಲ್ಲಿ ಒಂದು ಭಾನುವಾರ ಬೆಳಿಗ್ಗೆ ಕಾರು ಮಾಲೀಕರು, ಮೆಕ್ಯಾನಿಕ್‌ಗಳು, ಡ್ರೈವಿಂಗ್ ಕಲಿಸುವವರು ಸೇರಿದ್ದ ಸಭೆಯಲ್ಲಿ ಆಡಿದ ಮಾತು ಇದು. ಬರೆಯುವಾಗ ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಗಂಗಾವತಿ ಕಡೆಯಿಂದ ಬರುವಾಗ ರೈಸ್ ಮಿಲ್‌ಗಳು ಮುಗಿಯುವ ಜಾಗದಲ್ಲಿ ಒಂದು ಹಂಪ್ ಇತ್ತು. ಅದಕ್ಕೆ ಬಣ್ಣ ಇಲ್ಲ, ಬೋರ್ಡ್ ಇಲ್ಲ. ಅದಕ್ಕಿಂತ ಸ್ವಲ್ಪ ಮೊದಲು ಡಾಂಬರು ಕಿತ್ತು ಜಲ್ಲಿ ಎದ್ದಿತ್ತು. ಎರಡು ವರ್ಷದ ಹಿಂದೆ ಒಂದು ಸಂಜೆ ನನ್ನ ಎಲೆಕ್ಟ್ರಿಕ್ ಕಾರಿನಲ್ಲಿ ಆ ದಾರಿಯಲ್ಲಿ ಬರುತ್ತಿದ್ದೆ. ಪಕ್ಕದಲ್ಲಿ ಹೆಂಡತಿ, ಹಿಂದಿನ ಸೀಟಿನಲ್ಲಿ ಅಮ್ಮ. ಮುಂದೆ ಭತ್ತದ ಹುಲ್ಲು ಹೇರಿಕೊಂಡು ಹೋಗುತ್ತಿದ್ದ ಟ್ರ್ಯಾಕ್ಟರ್. ನಾನು ಮೆತ್ತಗೆ ಬ್ರೇಕ್ ಒತ್ತಿದ್ದೆ, ಕಾರು ಚೆನ್ನಾಗಿಯೇ ನಿಧಾನ ಆಗುತ್ತಿತ್ತು. ಮುಂದಿನ ಚಕ್ರ ಜಲ್ಲಿಯ ಮೇಲೆ ಕುಣಿಯಿತು ನೋಡಿ, ಯಾರೋ ಹಿಂದಿನಿಂದ ತಳ್ಳಿದ ಹಾಗಾಯಿತು. ಕಾಲು ಬ್ರೇಕ್ ಮೇಲೆಯೇ ಇದೆ, ಕಾರು ಮಾತ್ರ ಮುಂದಕ್ಕೆ ಜಾರುತ್ತಿದೆ. ಗಾಬರಿಯಲ್ಲಿ ಜೋರಾಗಿ ಒತ್ತಿದೆ, ನಿಂತಿತು. ಟ್ರ್ಯಾಲಿಗೂ ನಮಗೂ ನಡುವೆ ಒಂದು ಮಾರು ಜಾಗ ಉಳಿದಿತ್ತು. ಅಮ್ಮ ಕೇಳಿದಳು, "ಯಾಕಪ್ಪಾ, ಬ್ರೇಕ್ ಬಿಟ್ಟೆಯೇನು?"

ನಾನು ಬಿಟ್ಟಿರಲಿಲ್ಲ.

ಸರ್ವಿಸ್ ಸೆಂಟರ್‌ಗೆ ಹೋದೆ. ಸ್ಕ್ಯಾನರ್ ಹಾಕಿದರು, ಒಂದು ರೌಂಡ್ ಓಡಿಸಿದರು. "ಯಾವ ಕೋಡೂ ಇಲ್ಲ ಸರ್, ಎಲೆಕ್ಟ್ರಿಕ್ ಕಾರು ಹಾಗೇ ಇರುತ್ತೆ" ಅಂದರು. ನಾನು ಇಪ್ಪತ್ತು ವರ್ಷ ಡಿಪ್ಲೊಮಾ ಹುಡುಗರಿಗೆ ಆಟೊಮೊಬೈಲ್ ಪಾಠ ಹೇಳಿದವನು. "ಹಾಗೇ ಇರುತ್ತೆ" ಅನ್ನುವುದು ನನಗೆ ಉತ್ತರ ಅನ್ನಿಸಲಿಲ್ಲ. ಅಲ್ಲಿಂದ ಓದಲು ಶುರು ಮಾಡಿದೆ, ಬಳ್ಳಾರಿ, ಸಿಂಧನೂರು, ಕುಷ್ಟಗಿ ಕಡೆಯ ಮಾಲೀಕರನ್ನು ಕೇಳಲು ಶುರು ಮಾಡಿದೆ. ಒಬ್ಬರು "ಬ್ರೇಕ್ ಬಿಟ್ಟ ಹಾಗಾಯ್ತು" ಅನ್ನುತ್ತಾರೆ. ಇನ್ನೊಬ್ಬರು "ಪೆಡಲ್ ಕಲ್ಲಾಯ್ತು" ಅನ್ನುತ್ತಾರೆ. ಮತ್ತೊಬ್ಬರಿಗೆ ಬೆಳಿಗ್ಗೆ ಚಕ್ರ ಕರಕರ ಅನ್ನುತ್ತದೆ. ಎಲ್ಲರೂ ಸೇರಿ ಹೇಳುವುದು ಒಂದೇ ಮಾತು, ಬ್ರೇಕ್ ಪ್ರಾಬ್ಲಮ್. ಆದರೆ ಜ್ವರ ಅಂದರೆ ಒಂದೇ ಕಾಯಿಲೆ ಅಲ್ಲ, ಅಲ್ವಾ? ಇವನ್ನು ಬಿಡಿಸಿ ನೋಡೋಣ ಅಂತಲೇ ಇವತ್ತು ಬಂದಿದ್ದೇನೆ.

ಮೊದಲು ಚಕ್ಕಡಿ ನೆನಪಿಸಿಕೊಳ್ಳಿ. ಹೇರಿದ ಚಕ್ಕಡಿ ಇಳಿಜಾರಿಗೆ ಬಂದಾಗ ಅದನ್ನು ತಡೆಯುವುದು ಯಾರು? ಎಳೆಯುವ ಎತ್ತುಗಳೇ. ಹಿಂದಕ್ಕೆ ಒರಗಿ, ಕಾಲು ಊರಿ, ಭಾರವನ್ನು ಹೆಗಲಲ್ಲಿ ಹಿಡಿಯುತ್ತವೆ. ಇಳಿಜಾರು ಜಾಸ್ತಿ ಆದರೆ ಮಾತ್ರ ಗಾಡಿ ಹೊಡೆಯುವವನು ಹಗ್ಗ ಎಳೆಯುತ್ತಾನೆ, ಮರದ ದಿಂಡು ಗಾಲಿಗೆ ಒತ್ತಿ ಉಜ್ಜುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿಯೂ ಹೀಗೆ ಎರಡು ತಡೆಗಳಿವೆ. ಎಳೆಯುವ ಮೋಟಾರೇ ಮೊದಲ ತಡೆ. ಚಕ್ರದ ಜೊತೆ ತಿರುಗುವ ಡಿಸ್ಕ್ ಅಥವಾ ಡ್ರಮ್, ಅದಕ್ಕೆ ಒತ್ತಿ ಉಜ್ಜುವ ಪ್ಯಾಡ್, ಪೆಡಲ್ ಒತ್ತನ್ನು ಅಲ್ಲಿಗೆ ಮುಟ್ಟಿಸುವ ಬ್ರೇಕ್ ಎಣ್ಣೆ ಇವೆಲ್ಲ ಸೇರಿ ಎರಡನೇ ತಡೆ, ಅಂದರೆ ಮರದ ದಿಂಡು. ಇದನ್ನು ಎಣ್ಣೆ ಬ್ರೇಕ್ ಅನ್ನೋಣ.

ಮೋಟಾರ್ ಹೇಗೆ ತಡೆಯುತ್ತದೆ? ಹಳೆ ಸೈಕಲ್‌ನ ಡೈನಮೋ ಗೊತ್ತಲ್ಲ. ಕತ್ತಲಾದ ಮೇಲೆ ಅದನ್ನು ಟೈರಿಗೆ ಒರಗಿಸಿದರೆ ದೀಪ ಹತ್ತುತ್ತಿತ್ತು, ಪೆಡಲ್ ಭಾರ ಆಗುತ್ತಿತ್ತು. ಆ ಭಾರವೇ ಬ್ರೇಕ್. ಕಾಲು ಎತ್ತಿದಾಗ ಅಥವಾ ಮೆತ್ತಗೆ ಬ್ರೇಕ್ ಒತ್ತಿದಾಗ ಮೋಟಾರ್ ಡೈನಮೋ ಆಗುತ್ತದೆ. ಓಟದ ಶಕ್ತಿ ಕರೆಂಟ್ ಆಗಿ ಬ್ಯಾಟರಿಗೆ ವಾಪಸ್ ಹೋಗುತ್ತದೆ. ಇದಕ್ಕೆ ರೀಜೆನ್ ಅನ್ನುತ್ತೇವೆ. ನಮ್ಮ ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ರಸ್ತೆಗಿಳಿದ ಪುಟ್ಟ ರೇವಾ ಕಾರಿನಲ್ಲಿಯೂ ಇದು ಇತ್ತು. ಜನ ಸಮೇತ 1600 ಕೆಜಿ ತೂಗುವ ಕಾರು 80 ಕಿಲೋಮೀಟರ್ ವೇಗದಲ್ಲಿದ್ದರೆ ಅದರ ಓಟದಲ್ಲಿ ಇರುವ ಶಕ್ತಿ ಸುಮಾರು 0.11 ಯೂನಿಟ್. ನಿಮ್ಮ ಮನೆ ಮೀಟರಿನ ಯೂನಿಟ್ಟೇ ಅದು. ಕಡಿಮೆ ಅನ್ನಿಸಬಹುದು. ಆದರೆ ಊರೊಳಗೆ ನೂರು ಸಲ ನಿಂತು ಹೊರಡುವಾಗ ಅದೇ ದೊಡ್ಡ ಉಳಿತಾಯ. ವೇಗ ಅರ್ಧ ಆದರೆ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ, ಇದನ್ನು ಡ್ರೈವಿಂಗ್ ಕಲಿಸುವವರು ಹುಡುಗರಿಗೆ ಮೊದಲ ದಿನವೇ ಹೇಳಿದರೆ ಒಳ್ಳೆಯದು.

ಈಗ ನನ್ನ ಹಂಪ್‌ಗೆ ಬರೋಣ. ರೀಜೆನ್ ಕೆಲಸ ಮಾಡುವುದು ಮೋಟಾರ್ ತಿರುಗಿಸುವ ಚಕ್ರಗಳಲ್ಲಿ ಮಾತ್ರ. ಬಹಳ ಕಾರುಗಳಲ್ಲಿ ಅವು ಎರಡೇ ಚಕ್ರ. ಜಲ್ಲಿಯ ಮೇಲೆ ಆ ಚಕ್ರ ಒಂದು ಕ್ಷಣ ಹಿಡಿತ ಕಳೆದುಕೊಂಡರೆ ಎಬಿಎಸ್ ಕಂಪ್ಯೂಟರ್‌ಗೆ, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ತಿರುಗುವುದು ನಿಂತು ಜಾರದ ಹಾಗೆ ಕಾಯುವ ಕಂಪ್ಯೂಟರ್‌ಗೆ, ಚಕ್ರ ಲಾಕ್ ಆಗಬಹುದು ಅನ್ನಿಸುತ್ತದೆ. ತಕ್ಷಣ ರೀಜೆನ್ ನಿಲ್ಲಿಸಿ ಕೆಲಸವನ್ನು ಎಣ್ಣೆ ಬ್ರೇಕ್‌ಗೆ ಒಪ್ಪಿಸುತ್ತದೆ. ಎತ್ತು ಕಾಲು ಜಾರಿತು, ದಿಂಡು ಹಿಡಿಯಬೇಕು. ಈ ಕೈಬದಲಿನಲ್ಲಿ ಒಂದು ಸಣ್ಣ ಸಂದು ಇದೆ. ನೀವು ಮೆತ್ತಗೆ ಒತ್ತಿದ್ದೀರಿ, ಅಷ್ಟು ಒತ್ತಿಗೆ ಎಣ್ಣೆ ಬ್ರೇಕ್ ಕೊಡುವ ಹಿಡಿತ ಮೊದಲು ಇದ್ದದ್ದಕ್ಕಿಂತ ಕಡಿಮೆ ಇರಬಹುದು. ಆಗ ಕಾರು ಬಿಟ್ಟ ಹಾಗೆ ಅನ್ನಿಸುತ್ತದೆ. 40ರ ವೇಗದಲ್ಲಿ ಅರ್ಧ ಸೆಕೆಂಡ್ ಅಂದರೆ ಐದೂವರೆ ಮೀಟರ್. ಟ್ರ್ಯಾಕ್ಟರ್ ಟ್ರ್ಯಾಲಿಯ ಹಿಂದೆ ಅದು ಸಣ್ಣ ದೂರ ಅಲ್ಲ.

ಇದು ನನ್ನ ಕಲ್ಪನೆ ಅಲ್ಲ. 2010ರಲ್ಲಿ ಟೊಯೊಟಾ ಪ್ರಿಯಸ್‌ನಲ್ಲಿ ಇದೇ ಆಯಿತು. ಅದು ಪೆಟ್ರೋಲ್ ಎಂಜಿನ್, ಮೋಟಾರ್ ಎರಡೂ ಇರುವ ಹೈಬ್ರಿಡ್ ಕಾರು, ಆದರೆ ಮೋಟಾರ್ ತಡೆ, ಎಣ್ಣೆ ತಡೆ ಎರಡೂ ಅದರಲ್ಲಿದ್ದವು. ಹೊಂಡ, ಉಬ್ಬು, ಜಾರುವ ರಸ್ತೆ ದಾಟುವಾಗ ಒಂದು ಕ್ಷಣ ಬ್ರೇಕ್ ಹೋಗುತ್ತದೆ ಅಂತ ಅಮೆರಿಕದ ಮಾಲೀಕರು ದೂರು ಕೊಟ್ಟರು. ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆ ಫೆಬ್ರುವರಿ ಮೊದಲ ವಾರದಲ್ಲಿ ತನಿಖೆ ಶುರು ಮಾಡಿದಾಗ ಅದರ ಕೈಯಲ್ಲಿ ಇದ್ದ ದೂರುಗಳು 124. ಅದಾದ ಕೆಲವೇ ದಿನಗಳಲ್ಲಿ ಕಂಪನಿ ಜಗತ್ತಿನಾದ್ಯಂತ ಸುಮಾರು 4.37 ಲಕ್ಷ ಹೈಬ್ರಿಡ್ ಕಾರುಗಳನ್ನು ಎಬಿಎಸ್ ಸಾಫ್ಟ್‌ವೇರ್ ತಿದ್ದಲು ವಾಪಸ್ ಕರೆಯಿತು. ಆ 124 ಮಂದಿಯಲ್ಲಿ ಒಬ್ಬೊಬ್ಬರಿಗೂ ಮೊದಲು "ಹಾಗೇ ಇರುತ್ತೆ" ಅನ್ನುವ ಉತ್ತರ ಸಿಕ್ಕಿದ್ದರೆ, ಅವರು ಸುಮ್ನೆ ಮನೆಗೆ ಹೋಗಿದ್ದರೆ ಏನಾಗುತ್ತಿತ್ತು ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. 2019ರಲ್ಲಿ ಜಾಗ್ವಾರ್ ಐ-ಪೇಸ್ ಎಂಬ ಎಲೆಕ್ಟ್ರಿಕ್ ಕಾರನ್ನೂ ವಾಪಸ್ ಕರೆದರು. ರೀಜೆನ್ ಕೈಕೊಟ್ಟಾಗ ಎಣ್ಣೆ ಬ್ರೇಕ್ ಬಂದು ಹಿಡಿಯುವುದು ತಡವಾಗಬಹುದು ಅನ್ನುವುದೇ ಕಾರಣ. ಮತ್ತೆ ಅದೇ ಕೈಬದಲು.

ಹಾಗಾದರೆ ನಾವು ಏನು ಮಾಡಬೇಕು? ಜಲ್ಲಿ, ಹೊಂಡ, ಭತ್ತ ಒಣ ಹಾಕಿದ ರಸ್ತೆ ಬಂದರೆ ರೀಜೆನ್ ಮಟ್ಟವನ್ನು ಕಡಿಮೆ ಇಡಿ. ಹಂಪ್‌ಗೆ ಮೊದಲೇ ವೇಗ ಇಳಿಸಿ. ಕಾರು ಬಿಟ್ಟ ಹಾಗಾದರೆ ಕಾಲು ಎತ್ತಬೇಡಿ, ಇನ್ನೂ ಗಟ್ಟಿಯಾಗಿ ಒತ್ತಿ. ಹಿಡಿತ ಇದೆ, ಇನ್ನೊಂದು ಕೈಯಲ್ಲಿದೆ ಅಷ್ಟೇ. ಗಾಬರಿಯಲ್ಲಿ ಕಾಲು ಎತ್ತಿ ಮತ್ತೆ ಒತ್ತುವುದು ಪೆಟ್ರೋಲ್ ಕಾಲದ ಹಳೆ ಅಭ್ಯಾಸ. ಅದನ್ನು ಬಿಡಬೇಕು.

ಎರಡನೆಯ ದೂರು. "ಬೆಳಿಗ್ಗೆ ಮನೆಯಿಂದ ಹೊರಟಾಗ ಕಾರು ಬೇರೆ ಥರ, ಸಂಜೆ ಬೇರೆ ಥರ." ಇದರ ಉತ್ತರ ಸುಲಭ. ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿಯಲು ಆಗದು. ರಾತ್ರಿ ಪೂರಾ ನೂರಕ್ಕೆ ನೂರು ಚಾರ್ಜ್ ಮಾಡಿದರೆ ಬ್ಯಾಟರಿಗೆ ಕರೆಂಟ್ ತೆಗೆದುಕೊಳ್ಳಲು ಜಾಗ ಇರುವುದಿಲ್ಲ, ರೀಜೆನ್ ಸೋಲುತ್ತದೆ. ಕೆಲವು ಕಾರುಗಳು ಈ ಕೊರತೆಯನ್ನು ಎಣ್ಣೆ ಬ್ರೇಕ್‌ನಿಂದ ತಾವಾಗಿಯೇ ತುಂಬುತ್ತವೆ, ಕೆಲವು ತುಂಬುವುದಿಲ್ಲ. ನಿಮ್ಮದು ಯಾವ ಜಾತಿ ಅಂತ ಖಾಲಿ ರಸ್ತೆಯಲ್ಲಿ ಒಮ್ಮೆ ನೋಡಿಕೊಳ್ಳಿ. ಮನೆಯಿಂದ ಹೊರಟ ಕೂಡಲೇ ಸಿಗುವುದು ಶಾಲೆಯ ರಸ್ತೆ, ಅಲ್ವಾ? ಅದಕ್ಕೇ ಹೇಳುತ್ತಿದ್ದೇನೆ. ಬ್ಯಾಟರಿ ವಿಪರೀತ ಬಿಸಿಯಾದಾಗಲೂ ರೀಜೆನ್ ಕಡಿಮೆ ಆಗುತ್ತದೆ. ರಾಯಚೂರಿನ ಮೇ ತಿಂಗಳು ಅಂದರೆ ನಿಮಗೆ ಗೊತ್ತೇ ಇದೆ. ಬಿಸಿಲಲ್ಲಿ ನಿಲ್ಲಿಸಿ, ಫಾಸ್ಟ್ ಚಾರ್ಜ್ ಮಾಡಿ, ಕೂಡಲೇ ಹೈವೇಗೆ ಇಳಿದಿದ್ದರೆ ಮೊದಲ ಬ್ರೇಕ್ ಯಾವಾಗಿನದಕ್ಕಿಂತ ಸ್ವಲ್ಪ ಮುಂಚೆಯೇ ಒತ್ತಿ.

ಇನ್ನು ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಹಚ್ಚಿರುವ ವಿಷಯ. ಪೆಟ್ರೋಲ್ ಕಾರಿನ ಬ್ರೇಕ್ ಸವೆದು ಕೆಡುತ್ತದೆ. ಎಲೆಕ್ಟ್ರಿಕ್ ಕಾರಿನ ಬ್ರೇಕ್ ಕೆಲಸ ಇಲ್ಲದೆ ಕೆಡುತ್ತದೆ.

ಎತ್ತು ದಿನವೂ ತಡೆಯುತ್ತಿದ್ದರೆ ದಿಂಡಿನ ಕಡೆ ಯಾರು ನೋಡುತ್ತಾರೆ? ಡಿಸ್ಕ್ ಅಂದರೆ ಎರಕದ ಕಬ್ಬಿಣ. ಒಂದು ಮಳೆ ಬಿದ್ದರೆ, ಒಂದು ಸಲ ಕಾರು ತೊಳೆದರೆ ರಾತ್ರೋರಾತ್ರಿ ತೆಳ್ಳಗೆ ತುಕ್ಕು ಹಿಡಿಯುತ್ತದೆ. ಪ್ಯಾಡ್ ಉಜ್ಜಿದರೆ ಆ ತುಕ್ಕು ಹೋಗುತ್ತದೆ. ಬೆಳಿಗ್ಗೆ ಎರಡು ಮೂರು ಸಲ ಕರಕರ ಅಂದು ನಿಂತುಹೋದರೆ ಭಯ ಬೇಡ. ಆದರೆ ರೀಜೆನ್ ಜಾಸ್ತಿ ಇಟ್ಟುಕೊಂಡು ತಿಂಗಳುಗಟ್ಟಲೆ ಮೆತ್ತಗೆ ಓಡಿಸಿದರೆ ಪ್ಯಾಡ್ ಡಿಸ್ಕನ್ನು ಮುಟ್ಟುವುದೇ ಅಪರೂಪ. ತುಕ್ಕು ಒಳಗೆ ಇಳಿದು ಗುಳಿ ಬೀಳುತ್ತದೆ. ಪ್ಯಾಡ್ ಮೇಲ್ಮೈ ಗಾಜಿನ ಹಾಗೆ ನುಣುಪಾಗುತ್ತದೆ. ನಿಜವಾಗಿ ಬೇಕಾದ ದಿನ, ಕುರಿ ಹಿಂಡು ಅಡ್ಡ ಬಂದ ದಿನ, ಹಿಡಿತ ಅರ್ಧ.

ಇದಕ್ಕಿಂತ ಮೋಸದ್ದು ಕ್ಯಾಲಿಪರ್ ಪಿನ್. ಪ್ಯಾಡ್‌ಗಳನ್ನು ಹಿಡಿದ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಹಿಂದೆ ಮುಂದೆ ಜಾರುತ್ತಿರಬೇಕು. ರಬ್ಬರ್ ಬೂಟ್ ಹರಿದು ಧೂಳು ಒಳಗೆ ಹೋದರೆ, ಗ್ರೀಸ್ ಒಣಗಿದರೆ, ಪಿನ್ ಕಚ್ಚಿಕೊಳ್ಳುತ್ತದೆ. ಆಗ ಎಣ್ಣೆಯ ಒತ್ತಡದಿಂದ ತಳ್ಳುವ ಪಿಸ್ಟನ್ ಇರುವ ಒಳಗಿನ ಪ್ಯಾಡ್ ಒಂದೇ ಎಲ್ಲ ಕೆಲಸ ಮಾಡುತ್ತದೆ, ಹೊರಗಿನದು ಸುಮ್ನೆ ಕೂತಿರುತ್ತದೆ. ಹೊರಗಿನಿಂದ ಇಣುಕಿ ನೋಡಿದವರು "ಪ್ಯಾಡ್ ಹೊಸದರ ಹಾಗಿದೆ" ಅನ್ನುತ್ತಾರೆ. ತೋರಣಗಲ್ಲು, ಸಂಡೂರು ಕಡೆ ಅದಿರು ಲಾರಿಗಳ ಹಿಂದೆ ಓಡಾಡುವವರು ಕಾರಿನ ಚಕ್ರದ ಒಳಗೆ ಬೆರಳು ಆಡಿಸಿ ನೋಡಿ. ಆ ಕೆಂಪು ಧೂಳು ಕಬ್ಬಿಣದ ಅದಿರಿನ ಪುಡಿ. ನೀರು ಸೇರಿದರೆ ಸಾಣೆ ಹಿಡಿಯುವ ಹಿಟ್ಟು. ಸಿರುಗುಪ್ಪ, ಸಿಂಧನೂರು, ಗಂಗಾವತಿ ಕಡೆಯವರಿಗೆ ಗದ್ದೆಯ ಎರೆಮಣ್ಣು. ಅದು ಒಣಗಿ ಗಟ್ಟಿಯಾದರೆ ಪಿನ್ ಬೂಟಿಗೆ ಸಿಮೆಂಟ್ ಬಳಿದ ಹಾಗೆ.

ಕೆಲವರು ಹಿಂದೆ ಡ್ರಮ್ ಬ್ರೇಕ್ ಕೊಟ್ಟಿದ್ದಾರೆ ಅಂತ ಕಂಪನಿಯನ್ನು ಬೈಯುತ್ತಾರೆ. ನಾನು ಬೈಯುವುದಿಲ್ಲ. ಫೋಕ್ಸ್‌ವ್ಯಾಗನ್ ಐಡಿ.3, ಐಡಿ.4ರಂಥ ದುಬಾರಿ ಎಲೆಕ್ಟ್ರಿಕ್ ಕಾರುಗಳಲ್ಲಿಯೂ ಹಿಂದೆ ಡ್ರಮ್ಮೇ ಇದೆ. ಮುಚ್ಚಿದ ಡಬ್ಬಿ, ಮಳೆ ನೀರು ಸುಲಭವಾಗಿ ಒಳಗೆ ಹೋಗದು, ಕಡಿಮೆ ಬಳಸಿದರೂ ತುಕ್ಕು ಕಡಿಮೆ. ನಮ್ಮ ಧೂಳಿಗೆ ಮಾತ್ರ ವರ್ಷಕ್ಕೊಮ್ಮೆ ಡ್ರಮ್ ಬಿಚ್ಚಿ ಒಳಗಿನ ಪುಡಿ ತೆಗೆಸಬೇಕು.

ಉಪಾಯ ಕಷ್ಟದ್ದಲ್ಲ. ವಾರಕ್ಕೊಮ್ಮೆ ಖಾಲಿ ನೇರ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲ ಅಂತ ಕನ್ನಡಿಯಲ್ಲಿ ನೋಡಿಕೊಂಡು, ರೀಜೆನ್ ಅತಿ ಕಡಿಮೆಗೆ ಇಟ್ಟು, 60ರಿಂದ 20ಕ್ಕೆ ಗಟ್ಟಿಯಾಗಿ ಬ್ರೇಕ್ ಒತ್ತಿ. ನಾಲ್ಕೈದು ಸಲ ಸಾಕು. ಕಾರು ತೊಳೆದ ಮೇಲೆ ನಿಲ್ಲಿಸಿ ಇಡುವ ಮೊದಲು ಒಂದು ಸಣ್ಣ ಸುತ್ತು ಹಾಕಿ ಬ್ರೇಕ್ ಒಣಗಿಸಿ. ಸರ್ವಿಸ್‌ನಲ್ಲಿ ಚಕ್ರ ಬಿಚ್ಚಿಸಿ, ಎರಡೂ ಪ್ಯಾಡ್ ಅಳತೆ ತೆಗೆಸಿ, ಪಿನ್ ತೊಳೆಸಿ ಬ್ರೇಕ್ ಗ್ರೀಸ್ ಹಾಕಿಸಿ. ನಿಂತು ನೋಡಿ.

ಬ್ರೇಕ್ ಎಣ್ಣೆಯದೂ ಇದೇ ಕಥೆ. "ಕಾರು ಬರೀ ಹದಿನೈದು ಸಾವಿರ ಓಡಿದೆ, ಯಾಕೆ ಬದಲಾಯಿಸಬೇಕು?" ಅಂತ ಕೇಳುತ್ತಾರೆ. ಎಣ್ಣೆ ಕಿಲೋಮೀಟರ್ ನೋಡುವುದಿಲ್ಲ, ಗಾಳಿಯಿಂದ ನೀರು ಹೀರುತ್ತಲೇ ಇರುತ್ತದೆ. ಡಾಟ್ 4 ಎಣ್ಣೆ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ. ನೀರು ಹೀರಿದ ಎಣ್ಣೆಗೆ ಆ ಮಿತಿ 155. ಸಂಡೂರಿನ ಕುಮಾರಸ್ವಾಮಿ ಬೆಟ್ಟದಂಥ ಇಳಿಜಾರಿನಲ್ಲಿ, ರೀಜೆನ್ ಕೈಕೊಟ್ಟು, ಭಾರದ ಕಾರನ್ನು ಬರೀ ಪ್ಯಾಡ್ ಮೇಲೆ ಹಿಡಿದು ಇಳಿದರೆ ಆ ಬಿಸಿ ದೂರ ಇಲ್ಲ. ಕುದ್ದರೆ ಆವಿ, ಆವಿ ಆದರೆ ಪೆಡಲ್ ನೆಲಕ್ಕೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ.

ಪೆಡಲ್ ಕಲ್ಲಾಯಿತು ಅನ್ನುವ ದೂರು ಬೇರೆಯೇ. ಪೆಟ್ರೋಲ್ ಕಾರಿನಲ್ಲಿ ಎಂಜಿನ್ ಎಳೆಯುವ ಗಾಳಿಯಿಂದ ಬೂಸ್ಟರ್, ಅಂದರೆ ಕಾಲಿನ ಒತ್ತಿಗೆ ಬಲ ಸೇರಿಸುವ ಸಾಧನ, ನಡೆಯುತ್ತದೆ. ಎಲೆಕ್ಟ್ರಿಕ್ ಕಾರಿಗೆ ಎಂಜಿನ್ ಇಲ್ಲ, ಬೂಸ್ಟರ್‌ಗೆ ಕರೆಂಟ್ ಪಂಪೋ ಮೋಟಾರೋ ಬೇಕು. ಅದಕ್ಕೆ ಕರೆಂಟ್ ಬರುವುದು ಸಾಮಾನ್ಯವಾಗಿ 12 ವೋಲ್ಟ್ ಸಾಲಿನಿಂದ. ದೊಡ್ಡ ಬ್ಯಾಟರಿಯ ಬಗ್ಗೆ ದಿನವೂ ಮಾತಾಡುವ ನಾವು ಆ ಚಿಕ್ಕ ಬ್ಯಾಟರಿಯನ್ನು ಮರೆತೇ ಬಿಡುತ್ತೇವೆ. ನಮ್ಮ ಬಿಸಿಲಿಗೆ ಅದು ಬೇಗ ಸೋಲುತ್ತದೆ. ಬೂಸ್ಟರ್ ನಿಂತರೂ ಇಂಥ ಕಾರುಗಳಲ್ಲಿ ಪೆಡಲ್‌ನಿಂದ ಚಕ್ರಕ್ಕೆ ಎಣ್ಣೆಯ ದಾರಿ ಉಳಿದಿರುತ್ತದೆ. ಎರಡೂ ಕಾಲು ಹಾಕಿ ಒತ್ತಿ, ಕಾರು ನಿಲ್ಲುತ್ತದೆ. 2016ರಲ್ಲಿ ಅಮೆರಿಕದಲ್ಲಿ ಸುಮಾರು 47 ಸಾವಿರ ನಿಸಾನ್ ಲೀಫ್ ಕಾರುಗಳನ್ನು ವಾಪಸ್ ಕರೆದದ್ದು ಇದಕ್ಕೇ. ಕಡು ಚಳಿಯಲ್ಲಿ ಬೂಸ್ಟರ್ ಒಳಗಿನ ಒಂದು ರಿಲೇ, ಅಂದರೆ ಕರೆಂಟ್‌ನಿಂದ ನಡೆಯುವ ಸ್ವಿಚ್, ಹೆಪ್ಪುಗಟ್ಟುತ್ತಿತ್ತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಚಳಿ ದೇಶದವರು ಚಳಿಯ ದೂರು ಬರೆದರು, ಚಳಿಯ ದೋಷ ಸಿಕ್ಕಿತು. ನಮ್ಮ ಕೆಂಪು ಧೂಳಿನ ದೂರು, 43 ಡಿಗ್ರಿಯ ದೂರು, ಬೋರ್ಡಿಲ್ಲದ ಹಂಪ್‌ನ ದೂರು ಯಾರು ಬರೆಯಬೇಕು? ಬೇರೆ ಊರಿನ ಟೆಸ್ಟ್ ಟ್ರ್ಯಾಕ್‌ನಲ್ಲಿ ಅದು ಕಾಣುವುದಿಲ್ಲ. ಅದನ್ನು ಕಂಡವರು ನಾವೇ.

ನಾನು ಎರಡನೇ ಸಲ ಸರ್ವಿಸ್ ಸೆಂಟರ್‌ಗೆ ಹೋದಾಗ ಬಾಯಲ್ಲಿ ಹೇಳಲಿಲ್ಲ, ಒಂದು ಹಾಳೆ ಕೊಟ್ಟೆ. ಸಂಜೆ 6 ಗಂಟೆ, ವೇಗ 40, ಚಾರ್ಜ್ ನೂರಕ್ಕೆ 62, ರೀಜೆನ್ ಮಟ್ಟ ಅತಿ ಹೆಚ್ಚು, ಒಣ ರಸ್ತೆ, ಜಲ್ಲಿ. ಮೆತ್ತಗೆ ಒತ್ತಿದ್ದೆ, ಅರ್ಧ ಸೆಕೆಂಡ್ ಹಿಡಿತ ತಪ್ಪಿತು, ಪೆಡಲ್ ನಡುಗಿತು, ಡ್ಯಾಶ್‌ಬೋರ್ಡಿನಲ್ಲಿ ಯಾವ ಎಚ್ಚರಿಕೆ ದೀಪವೂ ಉಳಿಯಲಿಲ್ಲ. ಅದೇ ಜಾಗದಲ್ಲಿ ಮೂರು ದಿನದಲ್ಲಿ ಎರಡು ಸಲ. ಅದನ್ನು ಓದಿದ ಎಂಜಿನಿಯರ್ ನನ್ನ ಜೊತೆ ಅದೇ ರಸ್ತೆಗೆ ಬಂದರು. ಅವರಿಗೂ ಅನುಭವ ಆಯಿತು. ಮುಂದೆ ಸಾಫ್ಟ್‌ವೇರ್ ಬದಲಾಯಿಸಿದರು. ಈಗ ಕೈಬದಲು ಇದೆ, ಆದರೆ ತಳ್ಳಿದ ಹಾಗೆ ಆಗುವುದಿಲ್ಲ. ಸಾಫ್ಟ್‌ವೇರ್‌ನಿಂದ ಬ್ರೇಕ್ ಸರಿ ಆಗುತ್ತದೆಯೇ ಅಂತ ಸಂಶಯ ಪಡುವವರಿಗೆ ಒಂದು ಉದಾಹರಣೆ. 2018ರಲ್ಲಿ ಅಮೆರಿಕದ ಒಂದು ಗ್ರಾಹಕ ಪತ್ರಿಕೆ ಟೆಸ್ಲಾ ಮಾಡೆಲ್ 3 ಕಾರನ್ನು ಪರೀಕ್ಷೆ ಮಾಡಿತು. ಗಂಟೆಗೆ 96 ಕಿಲೋಮೀಟರ್ ವೇಗದಿಂದ ನಿಲ್ಲಲು ಅದಕ್ಕೆ ಸುಮಾರು 46 ಮೀಟರ್ ಬೇಕಾಯಿತು. ಕಂಪನಿ ಗಾಳಿಯಲ್ಲೇ ಅಪ್‌ಡೇಟ್ ಕಳಿಸಿದ ಮೇಲೆ ಅದು ಸುಮಾರು 40 ಮೀಟರ್‌ಗೆ ಇಳಿಯಿತು. ಒಂದು ಸ್ಪ್ಯಾನರ್ ಕೂಡ ಮುಟ್ಟಲಿಲ್ಲ.

ಸರ್ವಿಸ್ ಸೆಂಟರ್‌ನವರು ಕೆಲಸ ಬರೆದುಕೊಳ್ಳುವ ಜಾಬ್ ಕಾರ್ಡ್‌ನಲ್ಲಿ ನಿಮ್ಮ ಮಾತನ್ನೇ ಬರೆಸಿ. "ಜನರಲ್ ಚೆಕಪ್" ಅಂತ ಬರೆದರೆ ಸಹಿ ಹಾಕಬೇಡಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಅನ್ನುವ ಕಲಂ ಸೇರಿದೆ. ದೋಷ ಇರುವ ವಾಹನಗಳನ್ನು ವಾಪಸ್ ಕರೆಯಿರಿ ಅಂತ ಸರ್ಕಾರ ಆದೇಶ ಮಾಡಬಹುದು. 1 ಏಪ್ರಿಲ್ 2021ರಿಂದ ಇದರ ನಿಯಮ ಜಾರಿಯಲ್ಲಿದೆ. ಏಳು ವರ್ಷದೊಳಗಿನ ವಾಹನಕ್ಕೆ ಇದು ಅನ್ವಯ, ದಂಡ ಒಂದು ಕೋಟಿವರೆಗೆ. ಮಾರಾಟದ ಲೆಕ್ಕಕ್ಕೆ ತಕ್ಕಷ್ಟು ದೂರು ಸೇರಿದರೆ ಇದು ಚಲಿಸುತ್ತದೆ. ದೂರು ದಾಖಲಿಸಲು ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ಜಾಗ ಇದೆ. ಗ್ರಾಹಕ ಸಹಾಯವಾಣಿ 1915.

ಇಲ್ಲಿಗೆ ಮಾತು ನಿಲ್ಲಿಸಿ ಪ್ರಶ್ನೆ ಕೇಳಿ ಅಂದೆ.

ಡ್ರೈವಿಂಗ್ ಶಾಲೆಯವರೊಬ್ಬರು ಕೇಳಿದರು: ಕಾಲು ಎತ್ತಿದರೇ ನಿಧಾನ ಆಗುವ ಕಾರಿನಲ್ಲಿ ಹಿಂದಿನ ಬ್ರೇಕ್ ದೀಪ ಹತ್ತುತ್ತದೆಯೇ? ಒಳ್ಳೆಯ ಪ್ರಶ್ನೆ. ವಿಶ್ವಸಂಸ್ಥೆಯ ವಾಹನ ನಿಯಮದ ಪ್ರಕಾರ ರೀಜೆನ್‌ನಿಂದ ಕಾರಿನ ವೇಗ ಒಂದೊಂದು ಸೆಕೆಂಡಿನಲ್ಲೂ ಸೆಕೆಂಡಿಗೆ 1.3 ಮೀಟರ್‌ಗಿಂತ ಜಾಸ್ತಿ ಇಳಿದರೆ ದೀಪ ಹತ್ತಲೇಬೇಕು. ಅದಕ್ಕಿಂತ ಕಡಿಮೆ ಇದ್ದರೆ ಹತ್ತದೆಯೂ ಇರಬಹುದು. ಹಾಗಾಗಿ ಹಿಂದೆ ಲಾರಿ ಇದ್ದಾಗ ಪೆಡಲ್‌ಗೆ ಕಾಲು ತಾಗಿಸಿ, ದೀಪ ಹತ್ತಲಿ. ರಾತ್ರಿ ಮನೆ ಗೋಡೆಯ ಮುಂದೆ ಹಿಮ್ಮುಖವಾಗಿ ಬಂದು ಪೆಡಲ್ ಒತ್ತಿ, ದೀಪಗಳು ಹತ್ತುತ್ತಿವೆಯೇ ಅಂತಲೂ ನೋಡಿಕೊಳ್ಳಿ.

ಬಳ್ಳಾರಿಯಿಂದ ಬಂದ ಹುಡುಗ ಕೇಳಿದ: ಕಾರು ತಾನಾಗಿಯೇ ಬ್ರೇಕ್ ಹಾಕಿದರೆ? ಕ್ಯಾಮೆರಾ ನೋಡಿ ತಾನೇ ಬ್ರೇಕ್ ಹಾಕುವ ಕಾರುಗಳಲ್ಲಿ ಇದು ಇದೆ. 2022ರಲ್ಲಿ ಅಮೆರಿಕದ ಅದೇ ರಸ್ತೆ ಸುರಕ್ಷತಾ ಸಂಸ್ಥೆ 354 ದೂರು ಬಂದ ಮೇಲೆ ಸುಮಾರು 4.16 ಲಕ್ಷ ಟೆಸ್ಲಾ ಕಾರುಗಳ ಬಗ್ಗೆ ತನಿಖೆ ತೆರೆಯಿತು. ನಿನ್ನ ಕಾರಿನ ಮುಂದಿನ ಗಾಜು, ಸೆನ್ಸರ್ ಮೇಲಿನ ಧೂಳು ಮೊದಲು ಒರೆಸು, ಆಮೇಲೂ ಆದರೆ ಹಾಳೆಯಲ್ಲಿ ಬರೆ ಅಂದೆ.

ಕುಷ್ಟಗಿಯ ಒಬ್ಬ ಶಿಕ್ಷಕಿ ಎದ್ದು ನಿಂತರು. ಹಿಂದಿನ ಎಡ ಚಕ್ರ ಆರು ತಿಂಗಳಿಂದ ಕರಕರ ಅನ್ನುತ್ತದೆ, ಎರಡು ಕಡೆ ತೋರಿಸಿದೆ, ಪ್ಯಾಡ್ ಚೆನ್ನಾಗಿದೆ ಅಂದರು, ನಾನು ಕೇಳುವುದೇ ಬಿಟ್ಟೆ ಅಂದರು. ಸಭೆ ಮುಗಿದ ಮೇಲೆ ಹತ್ತು ಹದಿನೈದು ಜನ ಅವರ ಕಾರಿನ ಹತ್ತಿರ ಹೋದೆವು. ಬಂದಿದ್ದ ಮೆಕ್ಯಾನಿಕ್‌ಗಳಲ್ಲಿ ಒಬ್ಬರು ಜಾಕ್ ತಂದು ಚಕ್ರ ಬಿಚ್ಚಿದರು. ಹೊರಗಿನ ಪ್ಯಾಡ್ ನಿಜಕ್ಕೂ ಹೊಸದರ ಹಾಗಿತ್ತು. ಒಳಗಿನದು ತವರದ ತಗಡಿನಷ್ಟೇ ಉಳಿದಿತ್ತು, ಡಿಸ್ಕ್‌ನ ಒಳ ಮುಖದಲ್ಲಿ ಗೀರು ಬಿದ್ದಿತ್ತು. ಕೆಳಗಿನ ಪಿನ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೂ ಅಲುಗಲಿಲ್ಲ. ಶಿಕ್ಷಕಿ ಫೋನ್ ತೆಗೆದು ಎರಡೂ ಪ್ಯಾಡ್‌ಗಳನ್ನು ಪಕ್ಕಪಕ್ಕ ಇಟ್ಟು ಫೋಟೋ ತೆಗೆದುಕೊಂಡರು. ಆಮೇಲೆ ಬ್ಯಾಗಿನಿಂದ ಒಂದು ಹಾಳೆ ತೆಗೆದು, ಬಾನೆಟ್ ಮೇಲೆ ಇಟ್ಟುಕೊಂಡು, ಮೊದಲ ಸಾಲಿನಲ್ಲಿ ದಿನಾಂಕ ಬರೆದರು.